ಪಂಪಣ್ಣನ ಪಾಲಿನ ಸ್ವರ

ಮೆಟ್ಟಿಲಿನ ತಿರುವಿನಲ್ಲಿ ಅಪ್ಪ ಊದುತ್ತಿದ್ದ ಟ್ಯೂಬಾ ಅದರ ಪೆಟ್ಟಿಗೆ ಸಮೇತ ಸಿಕ್ಕಿಹಾಕಿಕೊಂಡಿತು. ಮೇಲಿನಿಂದ ಮಗ ತಳ್ಳುತ್ತಿದ್ದ, ಕೆಳಗಿನಿಂದ ಮಗಳು ಎಳೆಯುತ್ತಿದ್ದಳು. ನಡುವೆ ಆ ಕರಿ ಪೆಟ್ಟಿಗೆಯ ಹೊಟ್ಟೆ ಗೋಡೆಗೂ ಕಟಾಂಜನಕ್ಕೂ ಕಚ್ಚಿಕೊಂಡು ಅತ್ತಲೂ ಹೋಗದೆ ಇತ್ತಲೂ ಬಾರದೆ ನಿಂತಿತ್ತು.

"ಅಪ್ಪನ್ನ ಇಳಿಸೋವಾಗ ಇಷ್ಟು ಕಷ್ಟ ಆಗ್ಲಿಲ್ಲ," ಎಂದ ಮಗ, ಏದುಸಿರು ಬಿಡುತ್ತ.

"ಅಪ್ಪ ಕೊನೆಕೊನೆಗೆ ನಲವತ್ತೆಂಟು ಕೇಜಿ ಆಗಿದ್ದ. ಸ್ವಲ್ಪ ನಿನ್ನ ಕಡೆ ಓರೆ ಮಾಡು."

"ಓರೆ ಮಾಡಿದ್ರೆ ನನ್ನ ಬೆರಳು ಹೋಗುತ್ತೆ."

ಮೇಲಿನ ಬಾಗಿಲಲ್ಲಿ ಅತ್ತೆ ಬಂದು ನಿಂತಳು. ಸತ್ತವನ ತಂಗಿ. ಬೆಳಗಿನಿಂದ ಮೂರು ಸಲ ಅತ್ತು, ಮೂರು ಸಲ ಮುಖ ತೊಳೆದು, ಈಗ ಎಲ್ಲರ ಕೆಲಸದಲ್ಲೂ ತಪ್ಪು ಹುಡುಕುವಷ್ಟು ಸುಧಾರಿಸಿಕೊಂಡಿದ್ದಳು. "ಪೆಟ್ಟಿಗೆಯಿಂದ ತೆಗೆದು ಬರೀ ವಾದ್ಯ ಇಳಿಸ್ರೋ. ಇಬ್ಬರೂ ಓದಿದೋರು, ಇಷ್ಟೂ ಹೊಳೀಲಿಲ್ವಾ?" ಎಂದಳು.

ಹೊಳೆದಿರಲಿಲ್ಲ. ಮಗ ಅಲ್ಲೇ ಮೆಟ್ಟಿಲ ಮೇಲೆ ಕೂತು ಕೊಂಡಿ ಬಿಚ್ಚಿದ. ಹಿತ್ತಾಳೆಯ ಆ ದೊಡ್ಡ ದೇಹವನ್ನು ಹೊರಗೆ ತೆಗೆದು, ಎಳೆಗೂಸನ್ನು ಎತ್ತಿಕೊಳ್ಳುವಂತೆ ಎದೆಗವಚಿಕೊಂಡು ಇಳಿಯತೊಡಗಿದ. ಖಾಲಿ ಪೆಟ್ಟಿಗೆಯನ್ನು ಮಗಳು ಹಿಡಿದುಕೊಂಡಳು.

ಬ್ಯಾಂಡ್ ಮೇಷ್ಟ್ರು ಬೆಳಿಗ್ಗೆ ಫೋನ್ ಮಾಡಿ ಎರಡೇ ಮಾತು ಆಡಿದ್ದರು. ಹನ್ನೊಂದು ಗಂಟೆಗೆ ಬ್ಯಾಂಡಿನವರೆಲ್ಲ ಸ್ಮಶಾನಕ್ಕೆ ಬರುತ್ತಾರೆ, ಮಣ್ಣು ಮಾಡುವ ಮೊದಲು ಒಂದು ನಡೆ, ಮೆರವಣಿಗೆಯ ಹೆಜ್ಜೆಯ ಶೋಕದ ಧಾಟಿ, ಊದುತ್ತಾರೆ. ಬರುವಾಗ ದೊಡ್ಡ ಟ್ಯೂಬಾನೂ ತರಬೇಕು. ಆಮೇಲೆ ಇನ್ನೇನೋ ಹೇಳಲು ಹೋಗಿ, "ಇರಲಿ, ಅಲ್ಲೇ ಮಾತಾಡೋಣ," ಎಂದು ಇಟ್ಟುಬಿಟ್ಟಿದ್ದರು. ಆ 'ಅಲ್ಲೇ ಮಾತಾಡೋಣ' ಏನಿರಬಹುದೆಂದು ಮಗಳು ಆಗಿನಿಂದ ಲೆಕ್ಕ ಹಾಕುತ್ತಿದ್ದಳು.

"ಬರಲಿ ಆ ಮನುಷ್ಯ," ಎಂದ ಮಗ, ಟ್ಯೂಬಾದ ಹಿಂದಿನಿಂದ. "ಮೊದಲು ಅಪ್ಪನ ಕೆಲಸ ಮುಗೀಲಿ. ಆಮೇಲೆ ಕೇಳ್ತೀನಿ."

"ಏನಂತ ಕೇಳ್ತೀಯ?"

"ಮೂವತ್ತಾರು ವರ್ಷ ಊದಿದೋನ್ನ ಕರೆದು, ನಾಳೆಯಿಂದ ಬರಬೇಡಿ ಅನ್ನೋಕೆ ಬಾಯಾದ್ರೂ ಹೇಗೆ ಬಂತು ಅಂತ. ಅದಾದ ಮೇಲೆ ಅಪ್ಪ ನಾಲ್ಕು ತಿಂಗಳು ಬದುಕಿದ ಅಷ್ಟೆ. ನಾಲ್ಕೇ ತಿಂಗಳು."

ಮಗಳು ಖಾಲಿ ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಮೇಷ್ಟ್ರು ತಾವಾಗಿಯೇ ಅಪ್ಪನನ್ನು ಬಿಡಿಸಿದ್ದಲ್ಲ. ಅಪ್ಪನ ಟ್ಯೂಬಾದಿಂದ ಸ್ವರ ಬರುತ್ತಿಲ್ಲ ಎಂದು ಅವರ ಬಳಿ ಹೋಗಿ ಹೇಳಿದವಳು ಅವಳು. ಅದು ಅವಳಿಗೂ ಮೇಷ್ಟ್ರಿಗೂ ಬಿಟ್ಟರೆ ಯಾರಿಗೂ ತಿಳಿಯದು. ಅಪ್ಪನಿಗೆ ತಿಳಿದಿತ್ತೇ ಎಂಬುದು ಅವಳಿಗೆ ತಿಳಿಯದು. ತಿಳಿದೇ ಕಣ್ಣು ಮುಚ್ಚಿದನೇ ಎಂದು ಮೂರು ದಿನದಿಂದ ತಲೆ ಕೆಡಿಸಿಕೊಂಡಿದ್ದಳು.

*

ಎಂಟು ವರ್ಷದ ಕೆಳಗೆ ಒಂದು ವಾರ ಬ್ಯಾಂಡಿನ ಕೋಣೆಯಲ್ಲಿ ನಾಲ್ಕು ಟ್ಯೂಬಾಗಳು ಸಾಲಾಗಿ ಕುಳಿತಿದ್ದವು.

ಬ್ಯಾಂಡು ನೀರು ಸರಬರಾಜು ಇಲಾಖೆಯದು. ಕೋಣೆ ಪಂಪ್‌ಹೌಸಿನ ಹಿಂದಿನ ಹಳೇ ಉಗ್ರಾಣ. ಅಪ್ಪನನ್ನು ಎಲ್ಲರೂ ಕರೆಯುತ್ತಿದ್ದುದು ಪಂಪಣ್ಣ ಎಂದು, ಹೆಸರಿಗೆ ತಕ್ಕಂತೆ ಅಲ್ಲಿನ ಪಂಪ್ ನೋಡಿಕೊಳ್ಳುವವನು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಸಂಬಳದ ಚೀಟಿಯ ಮೇಲೆ ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಮೋಟಾರಿನ ಸದ್ದು ಅರ್ಧ ಸ್ವರ ಇಳಿದರೆ ಸಾಕು, ಊಟ ಬಿಟ್ಟು ಎದ್ದು ಹೋಗಿ, ಅಂಗೈಯನ್ನು ಅದರ ಮೈಮೇಲೆ ಇಟ್ಟು, "ಇದರ ಬೇರಿಂಗ್ ಹೋಯ್ತು," ಎನ್ನುತ್ತಿದ್ದ. ಹೋಗಿರುತ್ತಿತ್ತು. ಸಂಜೆ ಅದೇ ಅಂಗೈಯಲ್ಲಿ ಟ್ಯೂಬಾ ಹಿಡಿಯುತ್ತಿದ್ದ.

ಬ್ಯಾಂಡಿಗೆ ಹೊಸ ಟ್ಯೂಬಾ ಒಂದನ್ನು ಕೊಳ್ಳಲು ಇಲಾಖೆ ಒಪ್ಪಿತ್ತು. ಯಾವುದು ಬೇಕೋ ಊದಿ ನೋಡಿ ಎಂದು ಅಂಗಡಿಯವನು ನಾಲ್ಕನ್ನು ಬಿಟ್ಟು ಹೋಗಿದ್ದ, ಒಂದೊಂದಕ್ಕೂ ಅದರ ಮೂಲ ಸ್ವರದ್ದೇ ಹೆಸರು: ಬಿ-ಫ್ಲಾಟ್, ಸಿ, ಇ-ಫ್ಲಾಟ್, ಎಫ್. ಒಂದಕ್ಕಿಂತ ಒಂದು ಗಿಡ್ಡ, ಒಂದಕ್ಕಿಂತ ಒಂದು ಮೇಲಿನ ಸ್ವರದ್ದು.

ಮಗಳು ಗಂಡನ ಮನೆಯಿಂದ ಒಂದೇ ಸೂಟ್‌ಕೇಸ್ ಹಿಡಿದು ವಾಪಸ್ಸು ಬಂದು ಆಗ ಮೂರು ತಿಂಗಳಾಗಿತ್ತು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಹಿಡಿದಿದ್ದಳು. ಹೋಗುವುದು, ಬರುವುದು, ಗೋಡೆ ಕಡೆ ಮುಖ ಮಾಡಿ ಮಲಗುವುದು. ಅಮ್ಮ ಹೇಳಿ ಸೋತಳು, ಅತ್ತೆ ಬೈದು ಸೋತಳು. ಪಂಪಣ್ಣ ಆ ಸೋಮವಾರ ಅವಳ ಕೋಣೆಯ ಬಾಗಿಲಲ್ಲಿ ನಿಂತು, "ನನಗೆ ಇರೋ ಎರಡು ಕಿವಿ ಸಾಲ್ತಿಲ್ಲ, ಸ್ವಲ್ಪ ಬರ್ತೀಯಾ?" ಎಂದ.

"ನಾನು ಊದೋದು ಬಿಟ್ಟು ಹದಿನೈದು ವರ್ಷ ಆಯ್ತಪ್ಪ."

"ಚೆನ್ನಾಗಿ ಊದೋರು ಬೇಕಾಗಿಲ್ಲ. ಯಾರು ಊದಿದ್ರೂ ಒಳ್ಳೇದಾಗಿ ಕೇಳಿಸೋ ವಾದ್ಯ ಬೇಕಾಗಿದೆ. ಅದಕ್ಕೆ ನೀನೇ ಸರಿ."

ಹೋದಳು. ಅವಳು ಊದುವಾಗ ಪಂಪಣ್ಣ ಉಗ್ರಾಣದ ಆ ತುದಿಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಆಮೇಲೆ ಅವನು ಊದುತ್ತಿದ್ದ, ಅವಳು ಹೋಗಿ ನಿಲ್ಲುತ್ತಿದ್ದಳು. ಅದೇ ಎಂಟು ಸ್ವರ, ಅದೇ ಹಾಡಿನ ತುಣುಕು, ನಾಲ್ಕು ವಾದ್ಯ. ಪಂಪಣ್ಣ ಹಳೇ ಮೀಟರ್ ಪುಸ್ತಕದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದ.

ದೊಡ್ಡ ಬಿ-ಫ್ಲಾಟ್ ಊದುವವನಿಗೆ ಕೇಳಿಸುವುದೇ ಇಲ್ಲ. ಇಷ್ಟೊಂದು ಉಸಿರು ಕೊಟ್ಟೆನಲ್ಲ, ಎಲ್ಲಿ ಹೋಯಿತು ಎಂದು ನೋಡುವ ಹಾಗಾಗುತ್ತದೆ. ಹಿಂದಿನ ಗೋಡೆಯ ಹತ್ತಿರ ಹೋಗಿ ನಿಂತರೆ ಅದು ಅಂಗಾಲಿಗೆ ಕೇಳಿಸುತ್ತದೆ. ಸಿ ಚುರುಕು, ಕರೆದ ತಕ್ಷಣ ಓಗೊಡುತ್ತದೆ. ಆದರೆ ಬ್ಯಾಂಡಿನ ಸ್ವರದ ಹಾಳೆಗಳೆಲ್ಲ ಬಿ-ಫ್ಲಾಟಿಗೂ ಇ-ಫ್ಲಾಟಿಗೂ ಬರೆದವು, ಇವೆರಡರಲ್ಲಿ ಹಾಳೆ ನೋಡಿ ಒತ್ತುವ ಬೆರಳೂ ಒಂದೇ. ಸಿ ತಂದರೆ ಬೆರಳುಗಳು ಮತ್ತೆ ಒಂದನೇ ಕ್ಲಾಸಿಗೆ ಹೋಗಿ ಕೂರಬೇಕು. ಎಫ್ ಮೇಲಿನ ಸ್ವರದಲ್ಲಿ ಮನುಷ್ಯರ ಹಾಗೆ ಹಾಡುತ್ತದೆ. ಕೆಳಗಿಳಿಸಿದರೆ ನಡುವೆ ಎರಡು ಸ್ವರ ಮುಷ್ಕರ ಹೂಡುತ್ತವೆ.

ಆ ಎರಡು ಸ್ವರವನ್ನು ಮಗಳು ಬಿಡದೆ ಎಳೆದಾಗ ಎಫ್ ಟ್ಯೂಬಾ ಊಟ ಹೆಚ್ಚಾದ ಮಾವಯ್ಯನ ಹಾಗೆ ತೇಗಿತು. ಮಗಳು ನಕ್ಕುಬಿಟ್ಟಳು. ಮೂರು ತಿಂಗಳ ಮೇಲೆ ಅವಳ ನಗು ಕೇಳಿದ ಪಂಪಣ್ಣ ಗೋಡೆಯ ಹತ್ತಿರ ಪೆನ್ಸಿಲ್ ಹಿಡಿದು ಹಾಗೇ ನಿಂತ. ಏನೂ ಬರೆಯಲಿಲ್ಲ.

"ಇ-ಫ್ಲಾಟ್ ಹೇಗನ್ನಿಸ್ತು?" ಎಂದು ಕೇಳಿದ ಕೊನೆಗೆ.

"ಕೇಳಿದ್ದು ಕೊಡುತ್ತೆ. ಜಗಳ ಮಾಡಲ್ಲ. ಆದ್ರೆ ಒಂದನ್ನೇ ಊದಿದ್ರೆ ತಳ ಇಲ್ಲ ಅನ್ನಿಸುತ್ತೆ."

"ಅದು ಒಂಟಿಯಾಗಿ ಕೂರೋ ವಾದ್ಯ ಅಲ್ಲ. ದೊಡ್ಡದರ ಪಕ್ಕ ಕೂತ್ರೇ ಅದಕ್ಕೆ ಬೆಲೆ."

ಪಂಪಣ್ಣನ ಹಳೇ ಬಿ-ಫ್ಲಾಟಿಗೆ ಹನ್ನೊಂದು ಕಡೆ ನೆಗ್ಗಿತ್ತು, ಅದರ ಬದಲು ಹೊಸ ಬಿ-ಫ್ಲಾಟ್ ತರುವುದು ಎಂದೇ ಎಲ್ಲರೂ ತಿಳಿದಿದ್ದರು. ಶನಿವಾರ ಅವನು ಮೇಷ್ಟ್ರಿಗೆ ಇ-ಫ್ಲಾಟ್ ಸಾಕು ಎಂದ. "ನಂದಿನ್ನೂ ಹತ್ತು ವರ್ಷ ಬರುತ್ತೆ. ನಮಗೆ ಕಮ್ಮಿ ಇರೋದು ಪಕ್ಕದ ಕುರ್ಚಿ."

ಮುಂದಿನ ಶನಿವಾರದಿಂದ ಆ ಕುರ್ಚಿಯಲ್ಲಿ ಮಗಳು ಕೂತಳು. ಬ್ಯಾಂಡಿನವರು ದೊಡ್ಡ ಟ್ಯೂಬಾಕ್ಕೆ ದೊಡ್ಡಪ್ಪ ಎಂದೂ ಚಿಕ್ಕದಕ್ಕೆ ಚಿಕ್ಕಮ್ಮ ಎಂದೂ ಹೆಸರಿಟ್ಟರು.

*

ಸ್ಮಶಾನದ ಗೇಟಿನ ಪಕ್ಕದಲ್ಲಿ ತಗಡಿನ ಮಾಡು, ಅದರ ಕೆಳಗೆ ಎರಡು ಉದ್ದದ ಬೆಂಚು. ನಡುವೆ ಮೇಜಿನ ಮೇಲೆ ಪಂಪಣ್ಣನ ಶವಪೆಟ್ಟಿಗೆ. ಬೆಂಚಿನ ಮೇಲೆ ಪಂಪ್‌ಹೌಸಿನ ಹಳಬರು, ಎದುರುಮನೆಯವರು. ಒಬ್ಬೊಬ್ಬರಾಗಿ ಬ್ಯಾಂಡಿನವರೂ ಬಂದು ಸೇರುತ್ತಿದ್ದರು. ತಾಯಿ ಮೊದಲ ಬೆಂಚಿನ ತುದಿಯಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು.

"ಸುಖದ ಸಾವು ಬಿಡಿ," ಎಂದ ಮೀಟರ್ ರೀಡರ್. ಬ್ಯಾಂಡಿನಲ್ಲಿ ಟ್ರಾಂಬೋನ್ ಊದುವವನು, ಪಂಪಣ್ಣನ ಜತೆ ಒಂದೇ ವರ್ಷ ಕೆಲಸಕ್ಕೆ ಸೇರಿದವನು. "ಮಧ್ಯಾಹ್ನ ಊಟ ಮಾಡಿ ಮಲಗಿದೋರು ಏಳಲಿಲ್ಲ. ನಮಗೂ ಹಾಗೇ ಸಿಕ್ಕರೆ ಸಾಕು."

"ಉಸಿರಿಗೇ ಒದ್ದಾಡ್ತಿದ್ರಲ್ಲ, ಈಗ ಆ ಒದ್ದಾಟ ತಪ್ತು," ಎಂದಳು ಎದುರುಮನೆಯಾಕೆ.

"ಒದ್ದಾಟ ಶುರುವಾಗಿದ್ದೇ ಬ್ಯಾಂಡ್ ಬಿಡಿಸಿದ ಮೇಲೆ," ಎಂದಳು ಅತ್ತೆ. ಬ್ಯಾಂಡಿನವರಿಗೆ ಕೇಳಲಿ ಎಂದೇ ದನಿ ಎತ್ತಿದ್ದಳು. "ಊದ್ತಾ ಇದ್ದಷ್ಟು ದಿನ ನಮ್ಮಣ್ಣ ಕಲ್ಲುಗುಂಡು. ಯಾರೋ ಪುಣ್ಯಾತ್ಮರು ಅದನ್ನ ಕಿತ್ಕೊಂಡ್ರು."

ಅದು ಸುಳ್ಳೆಂದು ಮಗಳಿಗೆ ಗೊತ್ತಿತ್ತು. ಬ್ಯಾಂಡು ಬಿಡುವ ಒಂದು ವರ್ಷ ಮೊದಲೇ ಡಾಕ್ಟರು ಎದೆಯ ಎಕ್ಸ್‌ರೇ ಫಿಲ್ಮನ್ನು ದೀಪಕ್ಕೆ ಹಿಡಿದು ತೋರಿಸಿ, ಇವರ ಪುಪ್ಪುಸ ಅರ್ಧ ಕೆಲಸ ನಿಲ್ಲಿಸಿದೆ ಎಂದಿದ್ದರು. ಅದನ್ನು ಈಗ ಹೇಳಬಹುದಿತ್ತು. ಹೇಳಲು ಹೊರಟರೆ ಉಳಿದದ್ದೂ ಬಾಯಿಂದ ಬಂದೀತು ಎಂದು ಹೆದರಿ ಸುಮ್ಮನಾದಳು. ತನ್ನ ಬಗ್ಗೆ ಅವಳಿಗೇ ಹೇಸಿಗೆಯಾಯಿತು.

"ಅವರು ಬಂದ್ರಾ?" ಎಂದು ತಾಯಿ ಮೆಲ್ಲಗೆ ಕೇಳಿದಳು.

"ಯಾರಮ್ಮ?"

"ನಿಮ್ಮ ಮೇಷ್ಟ್ರು."

ನಾಲ್ಕು ತಿಂಗಳಿಂದ ತಾಯಿ ಮೇಷ್ಟ್ರ ಜತೆ ಮಾತು ಬಿಟ್ಟಿದ್ದಳು. ದಾರಿಯಲ್ಲಿ ಎದುರಾದರೆ ಈ ಬದಿಯಿಂದ ಆ ಬದಿಗೆ ದಾಟುತ್ತಿದ್ದಳು. ಮೇಷ್ಟ್ರು ಒಂದು ಸಲವೂ ತಡೆದು, ನಾನಲ್ಲ, ನಿಮ್ಮ ಮಗಳೇ ಹೇಳಿದ್ದು ಎಂದಿರಲಿಲ್ಲ. ಇವಳ ಪಾಲಿನ ಬೈಗುಳವನ್ನೆಲ್ಲ ಅವರು ತಿಂದುಕೊಂಡು ಓಡಾಡುತ್ತಿದ್ದರು. ಮಗಳು ಪ್ರತಿ ಶನಿವಾರ ಹೋಗಿ ಅವರೆದುರು ಕೂತು ಊದಿ ಬರುತ್ತಿದ್ದಳು, ಇಬ್ಬರೂ ಆ ಮಾತೆತ್ತುತ್ತಿರಲಿಲ್ಲ.

*

ಅಪ್ಪನ ಕಡೆಯಿಂದ ಸ್ವರ ಬರುತ್ತಿಲ್ಲ ಎಂದು ಅವಳಿಗೆ ಗೊತ್ತಾದದ್ದು ಹೋದ ವರ್ಷ. ಪಕ್ಕದಲ್ಲಿ ಕೂತವರಿಗೆ ಮೊದಲು ತಿಳಿಯುವುದು ಬೆನ್ನಿಗೆ. ಏಳು ವರ್ಷ ಅವಳ ಕುರ್ಚಿಯ ಬೆನ್ನು ದೊಡ್ಡಪ್ಪನ ಸ್ವರಕ್ಕೆ ನಡುಗುತ್ತಿತ್ತು. ಒಂದು ಶನಿವಾರ ನಡುಗಲಿಲ್ಲ. ಓರೆಗಣ್ಣಿನಲ್ಲಿ ನೋಡಿದಳು. ಅಪ್ಪನ ಬೆರಳು ಸರಿಯಾಗಿ ಗುಂಡಿ ಒತ್ತುತ್ತಿತ್ತು, ಕೆನ್ನೆ ಸರಿಯಾಗಿತ್ತು, ಪಾದ ತಾಳ ಹಾಕುತ್ತಿತ್ತು. ಸ್ವರ ಮಾತ್ರ ಇಲ್ಲ.

ಏನು ಮಾಡುತ್ತಿದ್ದೇನೆ ಎಂದು ಯೋಚಿಸುವ ಮೊದಲೇ ಎಡಗೈಯಿಂದ ನಾಲ್ಕನೇ ಗುಂಡಿ ಒತ್ತಿ, ತುಟಿ ಸಡಿಲಿಸಿ, ಚಿಕ್ಕಮ್ಮನನ್ನು ಅದರ ತಳದ ತಳಕ್ಕೆ ಇಳಿಸಿ ಅಪ್ಪನ ಸ್ವರ ತಾನು ಊದಿದಳು. ಸಣಕಲಾಗಿ ಬಂತು, ಆದರೂ ಬಂತು. ಮೇಷ್ಟ್ರು ತಲೆ ಎತ್ತಲಿಲ್ಲ. ಮುಂದಿನ ವಾರ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಅಪ್ಪನ ಪಾಲನ್ನೂ ಬರೆದುಕೊಂಡು ಹೋದಳು.

ವಿರಾಮದಲ್ಲಿ ಎಲ್ಲರೂ ವಾದ್ಯದ ಕೀಲಿ ಒತ್ತಿ ಒಳಗಿನ ನೀರು ಚೆಲ್ಲುತ್ತಾರೆ. ಉಸಿರು ಕೊಳವೆಯಲ್ಲಿ ತಣ್ಣಗಾಗಿ ನಿಂತ ನೀರು ಅದು. ಊದದವನ ವಾದ್ಯದಲ್ಲಿ ನೀರಿರುವುದಿಲ್ಲ. ಆದರೆ ಅಪ್ಪನದರಿಂದ ಯಾವಾಗಿನ ಹಾಗೆ ನೀರು ಬೀಳುತ್ತಿತ್ತು. ಅಯ್ಯೋ, ಪಾಪ, ಊದುತ್ತಿದ್ದಾನೆ, ಸ್ವರವಾಗುವಷ್ಟು ಬಲವಿಲ್ಲ ಎಂದುಕೊಂಡಳು. ಅದು ಇನ್ನಷ್ಟು ಸಂಕಟವಾಯಿತು.

ಎಂಟು ತಿಂಗಳು ಹೀಗೆ ನಡೆಯಿತು. ಮನೆಗೆ ಹೋಗುವಾಗ ಪಂಪಣ್ಣ ಎರಡು ಬೀದಿಗೆ ನಾಲ್ಕು ಕಡೆ ನಿಲ್ಲುತ್ತಿದ್ದ. ದೊಡ್ಡಪ್ಪನನ್ನು ಹೊರುವುದಿರಲಿ, ಕೊಡೆಯೂ ಭಾರವಾಗುತ್ತಿತ್ತು. ಮುಂದಿನ ಶನಿವಾರ ಮತ್ತೆ ಅಂಗಿಗೆ ಇಸ್ತ್ರಿ ಮಾಡಿಸಿಕೊಂಡು ಹೊರಡುತ್ತಿದ್ದ. ಒಂದು ಸಂಜೆ ಬ್ಯಾಂಡಿನ ಕೋಣೆಯ ಮೆಟ್ಟಿಲ ಮೇಲೆ ಅವನು ನೀಲಿಗಟ್ಟಿದ ತುಟಿಯಿಂದ, "ಏನಿಲ್ಲ, ಶೂ ಲೇಸ್ ಬಿಚ್ಚಿತ್ತು," ಎಂದು ಕೂತುಬಿಟ್ಟ. ಲೇಸಿಲ್ಲದ ಚಪ್ಪಲಿ ಹಾಕಿದ್ದ. ಮಾರನೇ ದಿನ ಅವಳು ಮೇಷ್ಟ್ರ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಹೇಳಿ, "ನಾನು ಹೇಳಿದೆ ಅಂತ ಗೊತ್ತಾಗಬಾರದು," ಎಂದಳು.

ಆ ಶನಿವಾರ ಅವಳಿಗೆ ಅಂಗಡಿಯಲ್ಲಿ ತಡವಾಯಿತು. ಬರುವಷ್ಟರಲ್ಲಿ ಅಪ್ಪನ ಕುರ್ಚಿ ಖಾಲಿಯಿತ್ತು. ಆಮೇಲಿನ ನಾಲ್ಕು ತಿಂಗಳು ಪಂಪಣ್ಣ ಮನೆಯಲ್ಲಿ ಎಲ್ಲವನ್ನೂ ಮಾತಾಡಿದ, ಬ್ಯಾಂಡಿನ ಸುದ್ದಿಯೊಂದನ್ನು ಬಿಟ್ಟು. ಅವಳು ಚಿಕ್ಕಮ್ಮನನ್ನು ಹೊತ್ತು ಹೊರಟಾಗ ಹಾಸಿಗೆಯಿಂದಲೇ ಕೈ ಎತ್ತುತ್ತಿದ್ದ. ಏನು ಊದಿದಿರಿ ಎಂದು ಒಮ್ಮೆಯೂ ಕೇಳಲಿಲ್ಲ.

*

ಮೇಷ್ಟ್ರು ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಬಂದರು. ಎಪ್ಪತ್ತು ದಾಟಿದ ಸಣ್ಣ ದೇಹ, ಬ್ಯಾಂಡಿನ ಕೋಟು ಭುಜದಲ್ಲಿ ದೊಡ್ಡದಾಗಿತ್ತು. ಪೆಟ್ಟಿಗೆಯ ಮುಂದೆ ತಲೆ ತಗ್ಗಿಸಿ ನಿಂತರು. ತಿರುಗುವಷ್ಟರಲ್ಲಿ ಮಗ ಎದುರು ನಿಂತಿದ್ದ. ಮಣ್ಣಾಗುವವರೆಗೆ ಕಾಯುತ್ತೇನೆ ಎಂದವನಿಗೆ ಅಷ್ಟು ತಾಳ್ಮೆ ಎಲ್ಲಿತ್ತು. ಕೈಯಲ್ಲಿ ಇನ್ನೂ ದೊಡ್ಡಪ್ಪ ಇತ್ತು. ವಾದ್ಯದ ಪೆಟ್ಟಿಗೆಯ ಕೊಂಡಿ ಮತ್ತೆ ಕೂತಿರಲಿಲ್ಲ, ಹಸಿ ನೆಲದ ಮೇಲಿಡಲು ಮನಸ್ಸೂ ಬಂದಿರಲಿಲ್ಲ.

"ಈಗ ಊದೋಕೆ ಬಂದ್ರಾ ಮೇಷ್ಟ್ರೇ? ಬದುಕಿದ್ದಾಗ ಒಂದು ಕುರ್ಚಿ ಕೊಡೋಕೆ ಆಗ್ಲಿಲ್ಲ ನಿಮ್ಮ ಕೈಲಿ."

ಬೆಂಚಿನವರೆಲ್ಲ ಇತ್ತ ತಿರುಗಿದರು. ಮಗ ನಿಲ್ಲಿಸಲಿಲ್ಲ.

"ಸುಮ್ಮನೆ ಕೂತಿರ್ತಿದ್ದ ಅವನ ಪಾಡಿಗೆ. ನಿಮಗೇನು ಗಂಟು ಹೋಗ್ತಿತ್ತು?"

"ಹೌದಪ್ಪ," ಎಂದರು ಮೇಷ್ಟ್ರು. "ನಾನೇ ಬರಬೇಡಿ ಅಂದೆ. ತಪ್ಪು ಅನ್ನಿಸಿದ್ರೆ ನನ್ನನ್ನೇ ಬೈಯಿ." ಅಷ್ಟು ಹೇಳಿ ನಿಂತರು. ಮಗಳ ಕಡೆ ನೋಡಲೂ ಇಲ್ಲ. ನೋಡಿದ್ದರೆ ಅವಳು ಬಹುಶಃ ಇನ್ನೂ ಒಂದು ದಿನ ತಳ್ಳುತ್ತಿದ್ದಳೇನೋ. ನೋಡದೆ ನಿಂತದ್ದೇ ಅವಳಿಗೆ ತಡೆಯಲಾಗಲಿಲ್ಲ.

"ಅಣ್ಣ, ಅವರನ್ನ ಬಿಡು," ಎಂದಳು. "ಹೋಗಿ ಹೇಳಿದ್ದು ನಾನು."

"ಏನು ಹೇಳಿದ್ದು?"

"ಅಪ್ಪನ ಕೈಲಿ ಊದೋಕೆ ಆಗ್ತಿಲ್ಲ, ಎಂಟು ತಿಂಗಳಿಂದ ಅವನ ಪಾಲು ನಾನೇ ಊದ್ತಾ ಇದೀನಿ, ಬಿಡಿಸಿ ಅಂತ. ಅವನು ಒಂದಿನ ನಮ್ಮೆದುರೇ ಉಸಿರು ಕಟ್ಟಿ ಬೀಳ್ತಾನೆ ಅಂತ ಹೆದರಿಕೆ ಆಯ್ತು. ಅವನಿಗೆ ಹೇಳೋ ಧೈರ್ಯ ಇರಲಿಲ್ಲ. ಅಮ್ಮ, ನನ್ನ ಮೇಲೆ ಮಾಡ್ಬೇಕಾದ ಕೋಪಾನ ನೀನು ಅವರ ಮೇಲೆ ಮಾಡ್ದೆ. ನಾನು ನೋಡ್ಕೊಂಡು ಸುಮ್ಮನಿದ್ದೆ."

ತಾಯಿ ಕೈಚೀಲದ ಹಿಡಿಯನ್ನು ತಿರುವುತ್ತಿದ್ದಳು. ಅತ್ತೆ ತಾನಾಗಿ ಸರಿದು ಮೇಷ್ಟ್ರಿಗೆ ಬೆಂಚಿನಲ್ಲಿ ಜಾಗ ಬಿಟ್ಟಳು, ಅದು ಆ ಮನೆತನದಲ್ಲಿ ಯಾರೂ ಕಂಡಿರದ ಸಂಗತಿ.

ಮೇಷ್ಟ್ರು ಬೆಂಚಿನ ಮೇಲೆ ಕೂತರು. ಮುಖದ ಮೇಲೆ ಕೈ ಆಡಿಸಿಕೊಂಡರು. ಮಗಳು ನೋಡಿದರೆ ಅವರು ಹಗುರಾಗಿ ನಗುತ್ತಿದ್ದರು.

"ಸದ್ಯ, ಹೇಳಿದ್ಯಲ್ಲಮ್ಮ," ಎಂದರು. "ನಾಲ್ಕು ತಿಂಗಳಿಂದ ನನ್ನ ಹೊಟ್ಟೆ ಊದಿಕೊಂಡಿತ್ತು. ಅವಳಾಗಿ ಬಾಯಿಬಿಟ್ರೆ ಮಾತ್ರ ಹೇಳಿ, ಇಲ್ಲಾಂದ್ರೆ ಬೇಡ ಅಂತ ನಿಮ್ಮಪ್ಪ ನನ್ನ ಹತ್ರ ಮಾತು ತಗೊಂಡಿದ್ರು."

"ಅಪ್ಪನಿಗೆ ಗೊತ್ತಿತ್ತಾ?"

"ಕೇಳು. ಅವತ್ತು ಕರೆದು ಕೂರಿಸಿ, ಪಂಪಣ್ಣ, ಇನ್ನು ಸಾಕಲ್ವಾ ಅಂದೆ. ಹೇಗೆ ತಗೋತಾರೋ ಅಂತ ನನಗೆ ಹೆದರಿಕೆ. ಆ ಮನುಷ್ಯ ಟ್ಯೂಬಾ ಕೆಳಗಿಟ್ಟು, ಎರಡೂ ಮಂಡಿ ತಟ್ಟಿಕೊಂಡು, ಅಬ್ಬ, ಅಂತೂ ಯಾರೋ ಹೇಳಿದ್ರಲ್ಲ ಅಂದ್ರು. ಯಾರು ನಿಮಗೆ ಹೇಳಿದ್ದು ಅಂತ ಕೇಳಿದ್ರು. ಯಾರೂ ಇಲ್ಲ, ನನಗೇ ಕೇಳಿಸ್ತು ಅಂದೆ. ಅದಕ್ಕೇನಂದ್ರು ಗೊತ್ತಾ? ಮೂವತ್ತಾರು ವರ್ಷದಲ್ಲಿ ನಿಮ್ಮ ಕಿವಿಗೆ ಟ್ಯೂಬಾ ಯಾವತ್ತು ಕೇಳಿಸಿತ್ತು ಮೇಷ್ಟ್ರೇ, ಹೇಳಿದ್ದು ನನ್ನ ಮಗಳೇ ಅಂದ್ರು."

ಟ್ರಾಂಬೋನಿನ ಮೀಟರ್ ರೀಡರ್ ಕೆಮ್ಮಿದ. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ತಿಳಿಯಿತು.

"ಹಾಗಾದ್ರೆ ಯಾಕೆ ಬರ್ತಾ ಇದ್ದ?" ಎಂದಳು ಮಗಳು. "ನಡೆಯೋಕೇ ಆಗ್ತಿರಲಿಲ್ಲ. ಯಾಕೆ ಬರ್ತಿದ್ದ ಪ್ರತಿ ವಾರ?"

"ನಿನ್ನಿಂದ. ನಾನು ಬಿಟ್ರೆ ಅವಳೂ ಬಿಡ್ತಾಳೆ, ಬಿಟ್ರೆ ಮತ್ತೆ ಗೋಡೆ ಕಡೆ ಮುಖ ಮಾಡಿ ಮಲಗ್ತಾಳೆ ಅಂತ ಹೆದರಿಕೊಂಡಿದ್ರು. ನೀನು ಅವರ ಪಾಲೂ ಊದ್ತಿರೋದು ಮೊದಲನೇ ದಿನವೇ ಅವರಿಗೆ ಗೊತ್ತಾಗಿತ್ತು. ಪಕ್ಕದಲ್ಲಿ ಕೂತು ತನ್ನ ಸ್ವರ ಇನ್ನೊಂದು ಕಡೆಯಿಂದ ಬರೋದು ತಿಳಿಯಲ್ವಾ? ನೀನು ಮರೆಸ್ತಾ ಇದೀಯ, ಇನ್ನು ಅವರು ಎದ್ದು ಹೋದ್ರೆ ನಿನಗೆ ಅವಮಾನ ಆದೀತು ಅಂತ ಕೂತ್ರು. ಒಂದೇ ಬೇಜಾರಿತ್ತು ಅವರಿಗೆ. ನನ್ನ ಪಾಲು ಊದೋವಾಗ ಚಿಕ್ಕಮ್ಮನ ಕತ್ತು ಹಿಸುಕ್ತಾಳೆ, ಕೆಳಸ್ವರ ಒತ್ತಬಾರದು, ಬಿಡಬೇಕು, ಅಂತ ಹೇಳಬೇಕು ಅನ್ನಿಸುತ್ತೆ, ಹೇಳಿದ್ರೆ ನನಗೆ ಗೊತ್ತಿದೆ ಅಂತ ಗೊತ್ತಾಗಿಬಿಡುತ್ತೆ ಅಂತ."

"ಮತ್ತೆ ನೀರು ಬೀಳ್ತಿತ್ತಲ್ಲ ಮೇಷ್ಟ್ರೇ. ನಾನೇ ನೋಡಿದೀನಿ."

"ನಲ್ಲಿ ನೀರು," ಎಂದ ಮೀಟರ್ ರೀಡರ್, ಇನ್ನು ಮುಚ್ಚಿಟ್ಟು ಉಪಯೋಗವಿಲ್ಲ ಎನ್ನುವಂತೆ. "ಪ್ರಾಕ್ಟೀಸಿಗೆ ಮೊದಲು ಬಚ್ಚಲಿಗೆ ಹೋಗಿ ಎರಡು ಲೋಟ ಕೊಳವೆಗೆ ಸುರೀತಿದ್ರು. ನಾನು ಒಂದ್ಸಲ ಹಿಡಿದೆ. ನೀರಿನ ಇಲಾಖೆ ಅಲ್ವೇನೋ ನಾವು, ನಮಗೇ ಬರವೇ ಅಂದ್ರು."

ಮೊದಲು ನಕ್ಕವಳು ತಾಯಿ. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ತಡೆಯಲಿಲ್ಲ. ಆಮೇಲೆ ಅತ್ತೆ, ಆಮೇಲೆ ಬೆಂಚಿಗೆ ಬೆಂಚೇ. ಮಗಳು ಅಳುತ್ತಲೇ ನಕ್ಕಳು. ಎಂಟು ತಿಂಗಳು ಅವಳು ಅಪ್ಪನನ್ನು ಕಾಪಾಡುತ್ತಿದ್ದೇನೆ ಎಂದು ಕೂತಿದ್ದಳು. ಅವನು ಅವಳನ್ನು ಕಾಪಾಡುತ್ತಿದ್ದೇನೆ ಎಂದು ಕೂತಿದ್ದ. ಅವಳು ಅಲ್ಲೇ ಬೆಂಚು ಹಿಡಿದು ಕೂತಳು.

"ಬ್ಯಾಂಡ್ ಬಿಟ್ಟ ಮೇಲೆ ಶನಿವಾರ ಸಂಜೆ ಆಯ್ತು ಅಂದ್ರೆ ಕಾಲು ಚಾಚಿ ಮಲಗಿಬಿಡೋರು," ಎಂದಳು ತಾಯಿ, ಕಣ್ಣೊರೆಸಿಕೊಂಡು. "ನೀನು ಮೆಟ್ಟಿಲಿಳಿಯೋ ಸದ್ದು ಕೇಳಿ, ಹೊರಟ್ಳು ಅನ್ನೋರು. ಹಾಗಂದು ಗೊರಕೆ. ನಾನು ಬೇಜಾರಿಗೆ ಮಲಗಿದಾರೆ ಅಂದ್ಕೊಂಡು ಈ ಮೇಷ್ಟ್ರಿಗೆ ಹಿಡಿಶಾಪ ಹಾಕ್ತಾ ಕೂತಿದ್ದೆ. ಮೇಷ್ಟ್ರೇ, ತಪ್ಪಾಯ್ತು."

"ಪರವಾಗಿಲ್ಲ ತಾಯಿ. ನೀವು ರಸ್ತೆ ದಾಟೋವಾಗ ಬಸ್ಸು ನೋಡದೆ ದಾಟ್ತಿದ್ರಿ, ಅದೊಂದೇ ನನಗೆ ಭಯ ಇದ್ದಿದ್ದು."

ಮಗ ಇನ್ನೂ ದೊಡ್ಡಪ್ಪನನ್ನು ಅವಚಿಕೊಂಡು ನಿಂತಿದ್ದ. "ಈ ಮನೇಲಿ ನನಗೆ ಮಾತ್ರ ಯಾರೂ ಏನೂ ಹೇಳಲ್ಲ," ಎಂದ. ಮೇಷ್ಟ್ರ ಹತ್ತಿರ ಹೋಗಿ ಏನೋ ಹೇಳಲು ನೋಡಿದ. ಮೇಷ್ಟ್ರು ಅವನ ತೋಳು ತಟ್ಟಿ ಎದ್ದರು.

"ಹೊತ್ತಾಯ್ತು, ಊದೋಣ," ಎಂದರು. ಮಗಳ ಕಡೆ ತಿರುಗಿ, "ದೊಡ್ಡಪ್ಪನ್ನ ತರಿಸಿದ್ದು ನಿನಗಾಗಿ. ಇವತ್ತು ಅದರಲ್ಲಿ ಊದ್ತೀಯಾ?"

"ಇಲ್ಲ ಮೇಷ್ಟ್ರೇ. ಅಷ್ಟು ಉಸಿರು ನನ್ನ ಹತ್ರ ಇಲ್ಲ."

"ಸರಿ, ಚಿಕ್ಕಮ್ಮನಲ್ಲೇ ಎರಡೂ ಪಾಲು ಊದಿಬಿಡು, ಯಾವಾಗಿನ ಹಾಗೆ."

ಅವಳು ಬೆಂಚಿನ ಕೆಳಗಿಟ್ಟಿದ್ದ ತನ್ನ ವಾದ್ಯದ ಪೆಟ್ಟಿಗೆ ತೆರೆದು ಚಿಕ್ಕಮ್ಮನನ್ನು ತೊಡೆಯ ಮೇಲಿಟ್ಟುಕೊಂಡಳು. ಮೌತ್‌ಪೀಸನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡ ಮೇಲೆ, "ಇಲ್ಲ, ನನ್ನ ಪಾಲು ಮಾತ್ರ," ಎಂದಳು.

"ಮೂರನೇ ಸಾಲಲ್ಲಿ ತೂತು ಬೀಳುತ್ತಮ್ಮ. ಎಲ್ಲರಿಗೂ ಗೊತ್ತಾಗುತ್ತೆ."

"ಗೊತ್ತಾಗಲಿ."

ಮೇಷ್ಟ್ರು ಅವಳನ್ನು ಒಂದು ಕ್ಷಣ ನೋಡಿ ಕೈ ಎತ್ತಿದರು. ನಿಧಾನದ ನಡೆ ಶುರುವಾಯಿತು. ನಾಲ್ವರು ಪಂಪಣ್ಣನ ಪೆಟ್ಟಿಗೆ ಎತ್ತಿದರು, ತಾಯಿ ಅದರ ಹಿಂದೆ ಹೊರಟಳು. ಮಗ ಎಲ್ಲಿಗೆ ಹೋಗುವುದೆಂದು ತಿಳಿಯದೆ ಬ್ಯಾಂಡಿನ ಸಾಲಿನ ಕೊನೆಯಲ್ಲೇ ಟ್ಯೂಬಾ ಹೊತ್ತು ನಿಂತುಬಿಟ್ಟ. ದಾರಿಹೋಕರು ಅವನೂ ಊದುವವನೇ ಎಂದುಕೊಂಡಿರಬೇಕು.

ಮೂರನೇ ಸಾಲು ಬಂತು. ಅಲ್ಲಿ ಉಳಿದವರೆಲ್ಲ ಮೇಲಿನ ಒಂದೇ ಸ್ವರ ಹಿಡಿದು ನಿಲ್ಲುತ್ತಾರೆ, ಚಿಕ್ಕಮ್ಮನಿಗೆ ಬಿಡುವು, ದೊಡ್ಡ ಟ್ಯೂಬಾ ಮಾತ್ರ ಸ್ವರದಿಂದ ಸ್ವರಕ್ಕೆ ನಾಲ್ಕು ಹೆಜ್ಜೆ ಕೆಳಗಿಳಿಯುತ್ತದೆ. ಮೂವತ್ತಾರು ವರ್ಷ ಪಂಪಣ್ಣ ಇಳಿದ, ಆಮೇಲೆ ವರ್ಷವೊಂದು ಮಗಳು ಇಳಿದಳು. ತನ್ನ ಪಾಲಿನ ಬೆನ್ನಿಗೇ ಅವನದನ್ನೂ ಹಿಡಿಯಬೇಕಾಗಿದ್ದರಿಂದ ಅಲ್ಲಿ ಅವಳಿಗೆ ಉಸಿರು ತೆಗೆದುಕೊಳ್ಳಲು ಬಿಡುವೇ ಸಿಕ್ಕಿರಲಿಲ್ಲ. ಕಣ್ಣು ಕತ್ತಲಿಟ್ಟರೂ ಹಾಗೇ ಎಳೆದುಕೊಂಡು ಹೋಗುತ್ತಿದ್ದಳು.

ಈಗಲೂ ಎಡಗೈ ತಾನಾಗಿ ನಾಲ್ಕನೇ ಗುಂಡಿಗೆ ಹೋಯಿತು. ಅವಳು ಅದನ್ನು ಅಲ್ಲಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಮೌತ್‌ಪೀಸಿನಿಂದ ತುಟಿ ಬಿಡಿಸಿದಳು. ಮೇಲೆ ಕಾರ್ನೆಟ್ಟುಗಳು ಸ್ವರ ಹಿಡಿದು ನಿಂತವು, ಕೆಳಗೆ ಏನೂ ಇಲ್ಲ. ಪೆಟ್ಟಿಗೆ ಹೊತ್ತವರ ಹೆಜ್ಜೆ ಒಂದು ಗಳಿಗೆ ತಡವರಿಸಿತು, ಮುಂದೆ ಹೋಗುತ್ತಿದ್ದ ತಾಯಿ ತಿರುಗಿ ನೋಡಿದಳು. ಒಂದು, ಎರಡು, ಮೂರು, ನಾಲ್ಕು. ಪಂಪಣ್ಣನ ನಾಲ್ಕು ಹೆಜ್ಜೆಯೂ ಖಾಲಿಯಾಗಿ ಹೋದವು, ಮಗಳು ಬಾಯಿ ತೆರೆದು, ಹೆಗಲು ಇಳಿಬಿಟ್ಟು, ಹೊಟ್ಟೆಯ ತಳದವರೆಗೂ ನಿಧಾನವಾಗಿ ಉಸಿರೆಳೆದುಕೊಂಡಳು.